ಒಂದನೇ ಕ್ಲಾಸಿನ ಪುಟ

ನಮ್ಮ ಶಾಲೆಯ ಗೇಟಿನ ಪಕ್ಕದ ಗೋಡೆಗೆ ಪ್ರತಿ ವರ್ಷ ಒಂದು ದೊಡ್ಡ ಬ್ಯಾನರ್ ಕಟ್ಟುತ್ತಾರೆ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಶೇಕಡಾ ನೂರು ಫಲಿತಾಂಶ, ಕೆಳಗೆ ಮಕ್ಕಳ ಫೋಟೊಗಳು, ಮೇಲೆ ಎಲ್ಲರಿಗಿಂತ ದೊಡ್ಡದಾಗಿ ಪ್ರಿನ್ಸಿಪಾಲರ ಫೋಟೊ. ಪರೀಕ್ಷೆ ಬರೆದವರು ಮಕ್ಕಳೋ ಅವರೋ ಎಂದು ದಾರಿಯಲ್ಲಿ ಹೋಗುವವರಿಗೆ ಅನುಮಾನ ಬರಬೇಕು. ನನ್ನ ಅಕ್ಕನ ಫೋಟೊ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಅದರಲ್ಲಿ ಬರಲಿಲ್ಲ. ಬರಲಿ ಎಂದು ಅವಳು ಕೇಳಿದವಳೂ ಅಲ್ಲ. ಅವಳು ಕೇಳದಿದ್ದರೇನಂತೆ, ನನಗೆ ಹೊಟ್ಟೆ ಉರಿಯುತ್ತದೆ. ಆ ಫೋಟೊಗಳಲ್ಲಿ ಹಲ್ಲು ಕಿರಿಯುವ ಮುಕ್ಕಾಲು ಪಾಲು ಮಕ್ಕಳಿಗೆ ಪೆನ್ಸಿಲ್ ಹಿಡಿಯಲು ಕಲಿಸಿದವಳು ಅವಳು.

ಅಕ್ಕ ಒಂದನೇ ಕ್ಲಾಸಿನ ಮಿಸ್ ಆಗಿದ್ದಳು. ನಾನು ಅದೇ ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್. ನಮ್ಮಿಬ್ಬರಿಗೂ ಹನ್ನೆರಡು ವರ್ಷದ ಅಂತರ. ಅಮ್ಮ ಹಾಸಿಗೆ ಹಿಡಿದಾಗ ನನಗೆ ನಾಲ್ಕು ವರ್ಷ. ಅಲ್ಲಿಂದ ನನ್ನ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ನನ್ನ ಕೈ ಮೇಲೆ ತನ್ನ ಕೈಯಿಟ್ಟು ಅಕ್ಷರ ತಿದ್ದಿಸಿದವಳು ಎಲ್ಲ ಅವಳೇ. ಹಾಗಾಗಿ ನಮ್ಮಿಬ್ಬರ ಬರವಣಿಗೆ ಒಂದೇ. ಗುಂಡಗೆ, ತುಸು ಎಡಕ್ಕೆ ವಾಲಿದ ಅಕ್ಷರ. ಸೋದರಮಾವನಿಗೆ ನಾನು ಕಾಗದ ಬರೆದರೂ ಅವರು ಉತ್ತರವನ್ನು ಅಕ್ಕನಿಗೇ ಬರೆಯುತ್ತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ ನಾನೂ ಮಗಳೂ ಅಕ್ಕನ ಮನೆಗೆ ಬಂದೆವು. ಬಂದೆವು ಎಂದರೆ ಏನು, ಅವಳೇ ಬಂದು, ನಮ್ಮ ಎರಡು ಟ್ರಂಕು ಆಟೋಗೆ ಹಾಕಿಸಿ, "ಏಳೇ, ಸಾಕು ಅತ್ತಿದ್ದು" ಎಂದು ಎಬ್ಬಿಸಿಕೊಂಡು ಹೋದಳು. ಆಫೀಸಿನಲ್ಲಿ ಕೆಲಸ ಕೊಡಿಸಿದ್ದು ಅವಳು. ನನ್ನ ಮಗಳಿಗೆ ಅದೇ ಶಾಲೆಯಲ್ಲಿ ಸೀಟು ಕೊಡಿಸಿದ್ದೂ ಅವಳು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನನ್ನನ್ನು ಬೈಯುವವರಿಗೆ ಅನುಕೂಲವಾಗಲಿ.

ಅವಳ ಕ್ಲಾಸು ನೆಲಮಹಡಿಯಲ್ಲಿ, ಕುಡಿಯುವ ನೀರಿನ ನಲ್ಲಿಗಳ ಪಕ್ಕದಲ್ಲಿತ್ತು. ಮೂವತ್ತಾರು ಮಕ್ಕಳು. ಮಕ್ಕಳ ಕುರ್ಚಿಯ ಮೇಲೇ ಕೂರುತ್ತಿದ್ದಳು, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ. "ದೊಡ್ಡ ಕುರ್ಚಿ ತರಿಸಿ ಮಿಸ್" ಎಂದರೆ, "ಮೇಲೆ ಕೂತರೆ ಬರೀ ತಲೆಗಳು ಕಾಣ್ತವೆ ಕಣ್ರೀ, ಪುಸ್ತಕ ಕಾಣಲ್ಲ" ಅನ್ನುತ್ತಿದ್ದಳು. ಬೈಯುತ್ತಿದ್ದಳು, ಚೆನ್ನಾಗಿಯೇ ಬೈಯುತ್ತಿದ್ದಳು. ಆದರೆ ಅವಳ ಬೈಗುಳ ತಿಂದ ಮಗು ಹತ್ತು ನಿಮಿಷದಲ್ಲಿ ಅವಳ ಸೆರಗು ಹಿಡಿದು ನಿಂತಿರುತ್ತಿತ್ತು.

ನಮ್ಮ ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದು ನೀಲಿ ಪುಸ್ತಕ ಇರುತ್ತದೆ. ಒಂದನೇ ಕ್ಲಾಸಿನಿಂದ ಹನ್ನೆರಡರವರೆಗೆ ವರ್ಷಕ್ಕೊಂದು ಪುಟ. ಆಯಾ ಕ್ಲಾಸಿನ ಟೀಚರು ಮಗುವಿನ ಬಗ್ಗೆ ಕೈಯಲ್ಲೇ ಬರೆದು ಸಹಿ ಹಾಕಿ, ಅಪ್ಪ ಅಮ್ಮಂದಿರಿಗೆ ಒಮ್ಮೆ ತೋರಿಸಬೇಕು. ಕೊನೆಗೆ ಪ್ರವೇಶ ಪರೀಕ್ಷೆಯ ಅರ್ಜಿಯ ಜೊತೆ ಆ ಪುಸ್ತಕವೂ ಹೋಗುತ್ತದೆ. ಉಳಿದ ಟೀಚರುಗಳು "ತೃಪ್ತಿಕರ", "ಇನ್ನೂ ಶ್ರಮಿಸಬೇಕು" ಎಂದು ಗೀಚಿ ಒಂದು ಮಧ್ಯಾಹ್ನದಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ಅಕ್ಕ ಮಾತ್ರ ವರ್ಷದ ಕೊನೆಗೆ ಎರಡು ವಾರ ಊಟದ ಮೇಜಿನ ತುಂಬ ನೀಲಿ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣಬೇಕಿತ್ತು. "ಅದನ್ನ ಯಾರು ಓದ್ತಾರೆ ಅಂತ ಇಷ್ಟು ಒದ್ದಾಡ್ತೀಯ?" ಎಂದು ನಾನು ರೇಗಿದರೆ, "ಓದಿದರೆ?" ಅನ್ನುತ್ತಿದ್ದಳು.

ಒಂದು ವರ್ಷ ಅವಳ ಕ್ಲಾಸಿಗೆ ಒಬ್ಬ ಹುಡುಗಿ ಬಂದಳು. ಅಪ್ಪ ಸಿಟಿ ಬಸ್ಸಿನ ಡ್ರೈವರು, ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಎಂಟಕ್ಕೆ ಏಳು ಕೂಡಿಸು ಎಂದರೆ, "ಯಾಕೆ?" ಎನ್ನುವಳು. ಈ ಅಕ್ಷರಕ್ಕೆ ಕೊಂಬು ಯಾಕೆ, ಆ ಅಕ್ಷರಕ್ಕೆ ಯಾಕಿಲ್ಲ? ಉತ್ತರ ಸಿಗುವವರೆಗೆ ಪೆನ್ಸಿಲ್ ಎತ್ತುವವಳಲ್ಲ. ಇಡೀ ಕ್ಲಾಸು ಮೂರನೇ ಪಾಠದಲ್ಲಿದ್ದರೆ ಇವಳು ಮೊದಲನೆಯದರಲ್ಲೇ ಕಲ್ಲುಗುಂಡಿನ ಹಾಗೆ ಕೂತಿರುವಳು. ಅಕ್ಕ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಳು. ಕೊನೆಗೆ ಇಡೀ ಶಾಲೆಗೆ ಅವಳು ಯಾಕಮ್ಮನೇ ಆದಳು. ಅವಳ ನೀಲಿ ಪುಸ್ತಕದ ಮೊದಲ ಪುಟದಲ್ಲಿ ಅಕ್ಕ ಬರೆದದ್ದು ನನಗೆ ಬಾಯಿಪಾಠ: "ನಿಧಾನ. ಅರ್ಥವಾಗದೆ ಮುಂದೆ ಹೋಗುವುದಿಲ್ಲ, ಅರ್ಥವಾದದ್ದನ್ನು ಮರೆಯುವುದಿಲ್ಲ. ದಯವಿಟ್ಟು ಯಾರೂ ಇವಳಿಗೆ ಅವಸರ ಮಾಡಬೇಡಿ."

ಅವಸರ ಮಾಡಲೆಂದೇ ಹುಟ್ಟಿದವರು ನಮ್ಮ ಈಗಿನ ಪ್ರಿನ್ಸಿಪಾಲರು. ಬಂದ ಮೊದಲ ದಿನವೇ ಸ್ಟಾಫ್ ರೂಮಿನ ಬೋರ್ಡಿನ ಮೇಲೆ "ನೂರು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅಂದಿನಿಂದ ಬೆನ್ನ ಹಿಂದೆ ಅವರು ನೂರಪ್ಪ. ನೂರಕ್ಕೆ ನೂರು ಪಾಸು ಮಾಡಿಸುವುದು ಹೇಗೆ? ಮಕ್ಕಳಿಗೆ ಚೆನ್ನಾಗಿ ಕಲಿಸಿ, ಎಂದು ನೀವು ಹೇಳಬಹುದು. ಅಷ್ಟೆಲ್ಲ ಕಷ್ಟ ಯಾರಿಗೆ ಬೇಕು? ಫೇಲಾಗಬಹುದಾದವರನ್ನು ಪರೀಕ್ಷೆಗೆ ಕೂರಿಸದಿದ್ದರಾಯಿತು. ಹನ್ನೊಂದನೇ ಕ್ಲಾಸು ಮುಗಿಯುತ್ತಿದ್ದಂತೆ ಐದಾರು ಮಕ್ಕಳ ಅಪ್ಪ ಅಮ್ಮಂದಿರನ್ನು ಕರೆಸಿ, ಕುರ್ಚಿ ಕೊಟ್ಟು, ಟೀ ಕೊಟ್ಟು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮಾತಾಡಿ, "ನಾವೇ ಸ್ವಂತ ಇಚ್ಛೆಯಿಂದ ಮಗುವನ್ನು ಬಿಡಿಸಿಕೊಳ್ಳುತ್ತಿದ್ದೇವೆ" ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಇದಕ್ಕೆ "ಸೋಸೋದು" ಎನ್ನುತ್ತಿದ್ದರು. ಕೊನೆಯ ವರ್ಷಕ್ಕೆ ಬೇರೆ ಯಾವ ಶಾಲೆಯೂ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಪರೀಕ್ಷೆಯೂ ಇಲ್ಲ, ವಿಶ್ವವಿದ್ಯಾಲಯವೂ ಇಲ್ಲ, ಮಗು ಮನೆಯಲ್ಲಿ. ಆ ಕಾಗದಗಳನ್ನು ಟೈಪ್ ಮಾಡುತ್ತಿದ್ದವಳು ನಾನು. ಒಂದೇ ಕಾಗದ, ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ.

ಯಾಕಮ್ಮ ಹನ್ನೊಂದು ಮುಗಿಸಿದ ವರ್ಷ ಅವಳ ಹೆಸರೂ ಸೋಸುವ ಪಟ್ಟಿಗೆ ಬಂತು. ದಡ್ಡಿ ಎಂದಲ್ಲ. ಮೂರು ಗಂಟೆಯ ಪರೀಕ್ಷೆಯಲ್ಲಿ ಮುಕ್ಕಾಲು ಬರೆಯುವಳು, ಬರೆದದ್ದೆಲ್ಲ ಸರಿ ಇರುವುದು, ಉಳಿದ ಕಾಲು ಖಾಲಿ. ಖಾಲಿ ಕಂಡರೆ ನೂರಪ್ಪನಿಗೆ ಬೆವರು. ಅಪ್ಪ ಅಮ್ಮ ಇಬ್ಬರನ್ನೂ ಕರೆಸಿದರು. ಬಸ್ ಡ್ರೈವರು ಕೇಳಿದ್ದು ಒಂದೇ ಮಾತು: "ಸಾರ್, ನಮ್ಮ ಹುಡುಗಿಗೆ ಆಗಲ್ಲ ಅಂತ ಅವಳ ಒಂದನೇ ಕ್ಲಾಸಿನ ಮಿಸ್ ಹೇಳಲಿ. ಆಗ ನಾನು ಸಹಿ ಹಾಕ್ತೀನಿ. ಅವರು ಬರೆದಿದ್ದು ಬೇರೆ ಥರ ಇತ್ತು."

ಹತ್ತು ವರ್ಷ ಕಳೆದರೂ ಆ ಮನುಷ್ಯನಿಗೆ ಆ ಪುಟ ನೆನಪಿತ್ತು ನೋಡಿ.

ನೂರಪ್ಪ ಅವರನ್ನು ಒಂದು ವಾರ ಬಿಟ್ಟು ಬರಲು ಹೇಳಿದರು. ಆ ವಾರದಲ್ಲಿ ಯಾಕಮ್ಮನ ನೀಲಿ ಪುಸ್ತಕ "ನೀರು ಬಿದ್ದು ಹಾಳಾಯಿತು". ಹೊಸ ಪುಸ್ತಕ ಬಂತು. ಎರಡರಿಂದ ಹನ್ನೊಂದರವರೆಗಿನ ಟೀಚರುಗಳು ಹೊಸದಾಗಿ ಬರೆದು ಕೊಟ್ಟರು: ಮೊದಲಿನಿಂದಲೂ ಮಂದ, ಪೋಷಕರಿಗೆ ತಿಳಿಸಲಾಗಿದೆ. ಒಂದನೇ ಪುಟ ಮಾತ್ರ ಖಾಲಿ ಉಳಿಯಿತು. ಪುಸ್ತಕವನ್ನು ಅಕ್ಕನ ಕ್ಲಾಸಿಗೆ ತೆಗೆದುಕೊಂಡು ಹೋದವಳು ನಾನೇ.

ಅಕ್ಕ ಕೈಯ ಸೀಮೆಸುಣ್ಣ ಕೊಡವಿಕೊಂಡು ಪುಸ್ತಕ ತಿರುವಿ ಹಾಕಿದಳು. ಪುಟ ತಿರುವಿದಂತೆಲ್ಲ ಅವಳ ಮೂಗಿನ ಹೊಳ್ಳೆ ಅಗಲವಾಯಿತು.

"ಇವರಿಗೇನು ಬಂದಿದೆ ರೋಗ? ಆ ಗಣಿತದ ಮೇಷ್ಟ್ರು ಅವಳನ್ನ ಹೊಗಳಿದ್ದನ್ನ ನಾನೇ ಓದಿದೀನಿ."

"ಅಕ್ಕ, ಎಲ್ಲರೂ ಬರೆದಿದಾರೆ. ನಿನಗೆ ರಿಟೈರ್ ಆಗೋಕೆ ಇನ್ನೊಂದೇ ವರ್ಷ."

"ಹೋಗಿ ಹೇಳು ನಿನ್ನ ನೂರಪ್ಪಂಗೆ. ಬರೆಯೋದಾದರೆ ಮೊದಲು ಬರೆದಿದ್ದನ್ನೇ ಬರೀತೀನಿ. ಬೇಡ ಅಂದರೆ ಖಾಲಿ ಇರಲಿ."

ಅದನ್ನೇ ಹೋಗಿ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದೇ ಅವರ ಜಾಣತನ. ನಾನು ಬರೆದಿಟ್ಟಿದ್ದ ರಿಜಿಸ್ಟರಿನ ಕಡೆ ನೋಡುತ್ತ, "ನಿಮ್ಮ ಅಕ್ಷರವೂ ಅವರ ಥರಾನೇ ಇದೆ ಅಲ್ವಾ?" ಎಂದರು. "ನಿಮ್ಮ ಮಗಳು ಈಗ ಹತ್ತನೇ ಕ್ಲಾಸು. ಮುಂದಿನ ವರ್ಷ ಹನ್ನೊಂದು. ಇಂಗ್ಲಿಷಲ್ಲಿ ಸ್ವಲ್ಪ ವೀಕು ಅಂತ ಟೀಚರು ಹೇಳ್ತಿದ್ದರು" ಎಂದರು. ಅಷ್ಟೇ. ಕಂಪ್ಯೂಟರ್ ಕಡೆ ತಿರುಗಿಕೊಂಡರು.

ನಾನು ಬರೆದೆ. ಸ್ಟೋರ್ ರೂಮಿನಲ್ಲಿ, ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಪುಸ್ತಕ ಇಟ್ಟುಕೊಂಡು, ಅಕ್ಕ ಕಲಿಸಿದ ಅಕ್ಷರದಲ್ಲಿ ಬರೆದೆ. "ಗ್ರಹಣ ಶಕ್ತಿ ಬಹಳ ಕಡಿಮೆ. ಉನ್ನತ ವ್ಯಾಸಂಗಕ್ಕೆ ಯೋಗ್ಯಳಲ್ಲ ಎಂದು ತಾಯಿತಂದೆಯರಿಗೆ ತಿಳಿಸಿದ್ದೇನೆ." ಆರು ವರ್ಷದ ಮಗುವಿಗೆ ಉನ್ನತ ವ್ಯಾಸಂಗವಂತೆ! ಆ ಮಾತು ನೂರಪ್ಪ ಹೇಳಿ ಬರೆಸಿದ್ದು, ಆದರೆ ಕೈ ನನ್ನದು. ಅಕ್ಕನ ಸಹಿಯನ್ನೂ ಹಾಕಿದೆ. ಉಂಡ ಮನೆಗೆ ಎರಡು ಬಗೆದೆ. ಹೆದರಿಕೊಂಡಿದ್ದೆ, ಮಗಳಿಗೋಸ್ಕರ ಮಾಡಿದೆ ಎಂದು ಹೇಳಿದರೆ ನೀವು ಅಯ್ಯೋ ಪಾಪ ಅನ್ನಬಹುದು. ಅನ್ನಬೇಡಿ. ಯಾಕಮ್ಮನೂ ಒಬ್ಬಳ ಮಗಳೇ.

ಮುಂದಿನ ಸೋಮವಾರ ಅವರು ಬಂದರು. ಅಪ್ಪ, ಅಮ್ಮ, ಯಾಕಮ್ಮ ಮೂವರೂ. ನಾನು ಫೈಲು ಹಿಡಿದುಕೊಂಡು ಮೇಜಿನ ಪಕ್ಕ ನಿಂತಿದ್ದೆ. ನೂರಪ್ಪ "ಹಳೇದು ನೀರು ಬಿದ್ದು ಹಾಳಾಯ್ತು, ಮಿಸ್ ಹೊಸದಾಗಿ ಬರೆದು ಕೊಟ್ಟಿದಾರೆ" ಎಂದು ಮೊದಲ ಪುಟ ತೆಗೆದು ಡ್ರೈವರ ಮುಂದೆ ಇಟ್ಟರು. ಅವರು ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. ಯಾಕಮ್ಮ ಅಪ್ಪನ ಭುಜದ ಮೇಲಿಂದ ಬಗ್ಗಿ ಆ ಸಾಲುಗಳನ್ನು ಓದಿದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

"ರೀ, ತಡೀರಿ" ಎಂದರು ಅಮ್ಮ. "ಓದದೆ, ಕೇಳದೆ ಸಹಿ ಹಾಕಿದವರ ಪಾಡು ನಾನು ಆಸ್ಪತ್ರೆಯಲ್ಲಿ ದಿನಾ ನೋಡ್ತೀನಿ. ಮಿಸ್ ಕೆಳಗೇ ಇದಾರಲ್ಲ, ಅವರ ಬಾಯಲ್ಲೇ ಕೇಳ್ತೀನಿ."

"ಅವರು ಕ್ಲಾಸಲ್ಲಿದಾರೆ" ಎಂದರು ನೂರಪ್ಪ.

"ಇರಲಿ ಸಾರ್, ನಾನು ಒಂದು ನಿಮಿಷ ಕರೀತೀನಿ ಅಷ್ಟೇ" ಎಂದು ಆಯಮ್ಮ ಎದ್ದು ಮೆಟ್ಟಿಲಿಳಿದೇ ಬಿಟ್ಟರು. ನೂರಪ್ಪ ನನ್ನ ಕಡೆ ನೋಡಿದರು. ಅವರಿಗೆ ಭಯವೇ ಇರಲಿಲ್ಲ. ಅಕ್ಕ ನನ್ನನ್ನು ಬಿಟ್ಟುಕೊಡುವುದಿಲ್ಲ ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಬಂದಳು. ಸೆರಗಿನ ತುಂಬ ಸೀಮೆಸುಣ್ಣದ ಪುಡಿ. ನರ್ಸಮ್ಮ ಪುಸ್ತಕ ಎತ್ತಿ ಅವಳ ಕೈಗೆ ಕೊಟ್ಟು, "ಮಿಸ್, ಇದನ್ನ ಬರೆದಿದ್ದು ನೀವಾ?" ಎಂದು ಕೇಳಿದರು.

ಅಕ್ಕ ಓದಿದಳು. ಓದಿ ತಲೆಯೆತ್ತಿ ನೇರವಾಗಿ ನನ್ನನ್ನೇ ನೋಡಿದಳು. ತಾನು ಕೈ ಹಿಡಿದು ತಿದ್ದಿಸಿದ ಅಕ್ಷರ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ನೋಡುತ್ತಲೇ ಇದ್ದಳು. ನಾನೇ ಬಾಯಿ ಬಿಡಲಿ ಎಂದು ಅವಕಾಶ ಕೊಡುತ್ತಿದ್ದಳು. "ನಾನು ಬರೆದೆ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಮೇಜಿನ ಮೇಲಿದ್ದ ಸ್ಟೇಪ್ಲರ್ ನೋಡುತ್ತ ನಿಂತೆ.

"ಹೌದಮ್ಮ" ಎಂದಳು ಅಕ್ಕ. "ನಾನೇ ಬರೆದಿದ್ದು. ಹೋದ ವಾರ ಬರೆದೆ. ಸುಳ್ಳು ಬರೆದೆ."

ನೂರಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಮಿಸ್, ನೀವು ಏನು ಮಾತಾಡ್ತಿದೀರಾ?"

"ಹಳೇ ಪುಸ್ತಕಕ್ಕೆ ನೀರೂ ಬಿದ್ದಿಲ್ಲ, ಬೆಂಕಿನೂ ಬಿದ್ದಿಲ್ಲ. ಈ ಹುಡುಗಿನ ಪರೀಕ್ಷೆಗೆ ಕೂರಿಸಬಾರದು ಅಂತ ಹೊಸದು ಬರೆಸಿದರು. ಬರೆದವಳೇ ಹೇಳ್ತಿದೀನಿ, ಸಹಿ ಹಾಕಬೇಡಿ." ಆಮೇಲೆ ಡ್ರೈವರ ಕೈಯಿಂದ ಪೆನ್ನು ತೆಗೆದುಕೊಂಡು, ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಹೊಡೆದು, ಕೆಳಗೆ ಹಳೆಯ ಮೂರು ಸಾಲನ್ನು ಒಂದಕ್ಷರ ಬಿಡದೆ ಬರೆದು, ಆ ದಿನದ ತಾರೀಕು ಹಾಕಿ ಸಹಿ ಮಾಡಿದಳು.

"ಮಿಸ್, ನೀವಾ?" ಎಂದಳು ಯಾಕಮ್ಮ. "ನೀವು ನನ್ನ ಬಗ್ಗೆ ಇದನ್ನ ಬರೆದರಾ?"

ಅಕ್ಕ ಪೆನ್ನಿಗೆ ಕ್ಯಾಪು ಹಾಕಿ ವಾಪಸು ಕೊಟ್ಟು, "ಮಕ್ಕಳು ಗಲಾಟೆ ಮಾಡ್ತಿರ್ತಾರೆ" ಎಂದು ಕೆಳಗೆ ಹೋದಳು.

ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ಇಲ್ಲಿ ಮೇಕೆಯೇ ಬಂದು ಬಾಯೊಡ್ಡಿತು, ಮಂಗ ಸುಮ್ಮನೆ ನಿಂತು ನೋಡಿತು.

ನರ್ಸಮ್ಮ ಆ ಪುಟದ ಫೋಟೊ ತೆಗೆದುಕೊಂಡೇ ಹೊರಗೆ ಹೋಗಿದ್ದರು. ಹಾಗಾಗಿ ಯಾಕಮ್ಮನನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಅವಳು ಹನ್ನೆರಡಕ್ಕೆ ಹೋದಳು. ಅಕ್ಕನನ್ನು ತೆಗೆದುಹಾಕಿದರು. "ಶಾಲೆಯ ದಾಖಲೆಯಲ್ಲಿ ಸುಳ್ಳು ಬರೆದಿರುವುದಾಗಿ ತಾವೇ ಒಪ್ಪಿಕೊಂಡಿರುವುದರಿಂದ" ಎಂದು ಶುರುವಾಗುವ ಕಾಗದ. ಅದನ್ನು ಟೈಪ್ ಮಾಡಿದವಳೂ ನಾನೇ. ಮೂವತ್ತೊಂದು ವರ್ಷಕ್ಕೆ ಒಂದು ಬೀಳ್ಕೊಡುಗೆ ಇಲ್ಲ, ಒಂದು ಹೂವಿಲ್ಲ, ಒಂದು ಮಾತಿಲ್ಲ. ಎರಡರಿಂದ ಹನ್ನೊಂದರವರೆಗೆ ಸುಳ್ಳು ಬರೆದ ಹತ್ತು ಜನ ಟೀಚರುಗಳು ಕಾರಿಡಾರಿನಲ್ಲಿ ಅವಳು ಎದುರಾದರೆ ಮೊಬೈಲು ನೋಡಿಕೊಂಡರು. ಥೂ!

ಆ ಸೋಮವಾರ ಸಂಜೆ ಮನೆಗೆ ಬಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಕ್ಕ ಬಟಾಣಿ ಸುಲಿಯುತ್ತಿದ್ದಳು.

"ಬೈಯೇ" ಎಂದೆ. "ಒಂದು ಮಾತು ಬೈಯಿ. ಕೆನ್ನೆಗೆ ಬಾರಿಸು."

"ನಿನ್ನ ಮಗಳಿಗೆ ಗೊತ್ತಾ?"

"ಇಲ್ಲ."

"ಗೊತ್ತಾಗೋದು ಬೇಡ. ಬಾ, ಇದನ್ನ ಸುಲಿ."

ಅಷ್ಟೇ. ಆಮೇಲೆ ಆ ವಿಷಯ ಅವಳ ಬಾಯಿಂದ ಬರಲಿಲ್ಲ. ಒಂದು ವರ್ಷದ ಮೇಲಾಯಿತು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು. ಯಾರು ಕೇಳಿದರು ಇವಳ ದೊಡ್ಡತನವನ್ನು? ಬೈದಿದ್ದರೆ ಅಳಬಹುದಿತ್ತು, ಜಗಳವಾಡಬಹುದಿತ್ತು, ಕಾಲು ಹಿಡಿಯಬಹುದಿತ್ತು. ಅವಳು ಏನೂ ನಡೆದಿಲ್ಲ ಎನ್ನುವ ಹಾಗೆ ನನ್ನ ತಟ್ಟೆಗೆ ಬಡಿಸುತ್ತಿದ್ದಳು. ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಮಾತ್ರ ಅವಳ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಬೀದಿಯಲ್ಲಿ ಹಳೆಯ ಮಕ್ಕಳು ಕಂಡರೆ ಇವಳೇ ರಸ್ತೆ ದಾಟಿ ಆ ಕಡೆಗೆ ಹೋಗುತ್ತಿದ್ದಳು. ಯಾಕಮ್ಮ ಮಿಸ್ ಮೇಲೆ ಕುದಿಯುತ್ತಿದ್ದಾಳೆ, ಹೆಸರೆತ್ತಿದರೆ ಎದ್ದು ಹೋಗುತ್ತಾಳೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದುದನ್ನು ನನ್ನ ಮಗಳು ಮನೆಗೆ ತಂದು ಹೇಳಿದಳು. ಅಕ್ಕ ಕೇಳಿಸಿಕೊಂಡು, "ಓದ್ತಿದಾಳಂತಾ?" ಎಂದಷ್ಟೇ ಕೇಳಿದಳು.

ಈ ವರ್ಷ ಫಲಿತಾಂಶ ಬಂತು. ಯಾಕಮ್ಮನಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ದೊಡ್ಡ ರ‍್ಯಾಂಕೇನೂ ಅಲ್ಲ, ಆದರೆ ತಾನು ಬಯಸಿದ್ದ ಗಣಿತದ ಸೀಟು. ಗೇಟಿನ ಪಕ್ಕ ಹೊಸ ಬ್ಯಾನರ್ ಬಂತು. ಶೇಕಡಾ ನೂರು. ಎರಡನೇ ಸಾಲಿನಲ್ಲಿ ಯಾಕಮ್ಮನ ಫೋಟೊ! ಹೊರಗೆ ದಬ್ಬಲು ಹೊರಟಿದ್ದ ಹುಡುಗಿಯ ಫೋಟೊ ಹಾಕಿಕೊಳ್ಳುವುದಕ್ಕೆ ಎಂಥ ಭಂಡ ಧೈರ್ಯ ಬೇಕು? ಆ ದಿನ ಬ್ಯಾನರಿನ ಕೆಳಗೆ ನಿಂತು ನಾನು ಬಾಯಿಗೆ ಬಂದದ್ದು ಬೈದೆ. ವಾಚ್‌ಮನ್ ಒಬ್ಬನೇ ಕೇಳಿಸಿಕೊಂಡದ್ದು. ಬೈದು ಮುಗಿಸಿ ಒಳಗೆ ಹೋಗಿ ನನ್ನ ಕುರ್ಚಿಯಲ್ಲೇ ಕೂತು ಟೈಪ್ ಮಾಡಿದೆ, ನನ್ನ ಸಿಟ್ಟಿನ ಬೆಲೆ ಅಷ್ಟು.

ಮುಂದಿನ ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಯಾಕಮ್ಮ. ಕೈಯಲ್ಲಿ ಸೀಟಿನ ಕಾಗದ. ಮುಖ ಕೆಂಪಗೆ, ಓಡಿ ಬಂದವಳ ಹಾಗೆ ಏದುಸಿರು.

"ಮಿಸ್ ಇದಾರಾ ಆಂಟಿ?"

"ಇದಾಳೆ, ಒಳಗೆ. ಯಾಕಮ್ಮ, ಏನು..."

"ಅವರಿಗೆ ಇದನ್ನ ತೋರಿಸಬೇಕು. ತೋರಿಸಿ ಒಂದು ಮಾತು ಕೇಳಬೇಕು. ಉಳಿದವರು ಬರೆದಿದ್ದಕ್ಕೆ ನನಗೇನೂ ಅನಿಸಲಿಲ್ಲ. ಅವರೂ ಬರೆದರಲ್ಲ, ಅದಕ್ಕೇ ರಾತ್ರಿಯೆಲ್ಲ ಕೂತು ಓದಿದೆ. ಅವರ ಮುಖಕ್ಕೆ ಹಿಡೀಬೇಕು ಅಂತಾನೇ ಓದಿದೆ." ಅವಳು ಕಾಗದವನ್ನು ನನ್ನ ಮುಖದ ಮುಂದೆ ಹಿಡಿದಳು. "ಪರೀಕ್ಷೆಲಿ ಕೊನೇ ಪ್ರಶ್ನೆವರೆಗೂ ಬರೆದೆ ಆಂಟಿ. ಖಾಲಿ ಬಿಡಲಿಲ್ಲ."

ಒಳಗೆ ಅಕ್ಕ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಈ ಹುಡುಗಿ ಒಳಗೆ ಹೋಗಿ ಬೈದರೆ ಅವಳು ಅದನ್ನೂ ಕೈಕಟ್ಟಿ ನಿಂತು ಕೇಳಿಸಿಕೊಳ್ಳುತ್ತಾಳೆ. ನನಗೆ ಗೊತ್ತಿತ್ತು. ಕೇಳಿಸಿಕೊಂಡು, ಆಮೇಲೆ ನನ್ನ ತಟ್ಟೆಗೆ ಬಡಿಸುತ್ತಾಳೆ.

"ಅವಳು ಬರೆದಿಲ್ಲ" ಎಂದೆ. "ಬರೆಯಲ್ಲ ಅಂತ ಪುಸ್ತಕ ವಾಪಸು ಕಳಿಸಿದಳು. ಬರೆದಿದ್ದು ನಾನು. ಸಹಿ ಹಾಕಿದ್ದೂ ನಾನೇ."

ಯಾಕಮ್ಮ ನನ್ನ ಮುಖವನ್ನೇ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಅರ್ಥವಾಗುವವರೆಗೆ ಮುಂದೆ ಹೋಗದ ಹುಡುಗಿ. ನಾನು ಈ ಸಲ ಕಣ್ಣು ತಪ್ಪಿಸಲಿಲ್ಲ.

"ಅವತ್ತು ನೀವು ಅಲ್ಲೇ ನಿಂತಿದ್ದಿರಿ" ಎಂದಳು.

"ಹೌದು."

"ನಾನು ಅವರನ್ನ ಕೇಳಿದೆ. ನೀವಾ ಅಂತ ಕೇಳಿದೆ. ಆಗಲೂ ನೀವು ಅಲ್ಲೇ ಇದ್ದಿರಿ."

"ಇದ್ದೆ."

ಅವಳು ಚಪ್ಪಲಿ ಬಿಟ್ಟಳು. ನಾನು ದಾರಿ ಬಿಡಲೆಂದು ಹೊಸಿಲು ದಾಟಿ ಹೊರಗೆ ಬಂದೆ. ಅವಳು ಒಳಗೆ ಹೋಗಿ ತಿರುಗಿ, "ನೀವು ಬರಬೇಡಿ ಆಂಟಿ. ಸ್ವಲ್ಪ ಹೊತ್ತು ಹೊರಗೇ ಇರಿ" ಎಂದು ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದಾಯಿತು.

ಪಾತ್ರೆಯ ಸದ್ದು ನಿಂತಿತು. ಹುಡುಗಿ ಏನೋ ಹೇಳಿದ್ದು ಕೇಳಿಸಿತು, ಮಾತು ತಿಳಿಯಲಿಲ್ಲ. ಆಮೇಲೆ ಅಕ್ಕ ಅಳುವುದು ಕೇಳಿಸಿತು. ಅಮ್ಮ ಸತ್ತಾಗಲೂ ಅವಳು ನನ್ನೆದುರು ಅತ್ತವಳಲ್ಲ. ಕೆಲಸ ಹೋದ ದಿನವೂ ಅತ್ತಿರಲಿಲ್ಲ. ಈಗ ಮಕ್ಕಳ ಹಾಗೆ ಜೋರಾಗಿ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಎದುರು ಮನೆಯವರು ಕಿಟಕಿಯಿಂದ ಇಣುಕಿದರು, ಏನಾಯಿತು ಎಂದು ಕೈಸನ್ನೆ ಮಾಡಿ ಕೇಳಿದರು. ನಾನು ಬಾಗಿಲು ತಟ್ಟಲಿಲ್ಲ. ಮೆಟ್ಟಿಲ ಮೇಲೆ, ಯಾಕಮ್ಮನ ಚಪ್ಪಲಿಯ ಪಕ್ಕದಲ್ಲಿ ಕೂತೆ.